ಇಟಲಿಯ ಮಯೋಲಿಕಾ ತಟ್ಟೆ: ಗ್ಲೇಜ್‌ನಿಂದ ಭಟ್ಟಿಯವರೆಗೆ ಹಂತ ಹಂತವಾಗಿ

ಇಟಲಿಯ ಬಣ್ಣದ ತಟ್ಟೆಗಳ ಫೋಟೋ ನೋಡಿ ಮರುಳಾಗಿ, ಅಂಗಡಿಯಿಂದ ಬಿಳಿ ಪಿಂಗಾಣಿ ತಟ್ಟೆ ತಂದು, ಅಕ್ರಿಲಿಕ್‌ನಲ್ಲಿ ಅದೇ ಡಿಸೈನ್ ಬರೆಯುವವರು ತುಂಬಾ ಜನ. ಗೋಡೆಗೆ ನೇತುಹಾಕಲು ಅಷ್ಟು ಸಾಕು. ಆದರೆ ಅದು ಮಯೋಲಿಕಾ ಅಲ್ಲ. ಮಯೋಲಿಕಾದಲ್ಲಿ ಬಣ್ಣ ಬೀಳುವುದು ಇನ್ನೂ ಸುಡದ, ಪುಡಿಪುಡಿಯಾಗಿ ಒಣಗಿರುವ ಬಿಳಿ ಗ್ಲೇಜ್ ಮೇಲೆ, ಅಂದರೆ ಭಟ್ಟಿಯಲ್ಲಿ ಕರಗಿ ಗಾಜಿನಂತಾಗುವ ಹೊದಿಕೆಯ ಮೇಲೆ. ಆ ಪದರ ನೀರು ತಾಕಿದ ಕ್ಷಣವೇ ಹೀರಿಕೊಳ್ಳುತ್ತದೆ. ಬ್ರಷ್ ಇಟ್ಟಲ್ಲಿ ಬಣ್ಣ ಕೂತರೆ ಕೂತಂತೆ. ಒರೆಸಲು ಹೋದರೆ ಗ್ಲೇಜೇ ಕಿತ್ತು ಬರುತ್ತದೆ. ಬ್ರಷ್ ತಡವರಿಸಿದರೆ ಅಲ್ಲೊಂದು ಗಾಢ ಚುಕ್ಕೆ ಉಳಿಯುತ್ತದೆ, ಸುಟ್ಟ ಮೇಲೂ ಅದು ಕಾಣುತ್ತದೆ.

ಇಟಲಿಯ ಹಳೆಯ ವಿನ್ಯಾಸಗಳನ್ನು ಗಮನವಿಟ್ಟು ನೋಡಿ. ಬಳ್ಳಿ, ಸುರುಳಿ, ಎಲೆ, ಗರಿ, ಸಾಲು ಚುಕ್ಕೆ, ತಟ್ಟೆಯ ಸುತ್ತ ಪಟ್ಟೆ. ಹೆಚ್ಚಿನವು ಒಂದೇ ಎಳೆತದಲ್ಲಿ ಮುಗಿಯುವಂಥವು. ಇದು ಬರೀ ರುಚಿಯ ವಿಷಯವಲ್ಲ, ಹೀರುವ ಗ್ಲೇಜ್ ಮೇಲೆ ಕೈ ನಿಲ್ಲಿಸದೆ ಬರೆಯಲು ಬರುವುದೇ ಇಷ್ಟು. ಹಾಗಾಗಿ ಈ ಬರಹದಲ್ಲಿ ಚಿತ್ರ ನಕಲು ಮಾಡುವುದಕ್ಕಿಂತ ಎಳೆತ ಕಲಿಯುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಎಳೆತ ಬಂದರೆ ಡಿಸೈನ್ ತಾನಾಗಿಯೇ ಬರುತ್ತದೆ. ಉಲ್ಟಾ ಹೋದರೆ ಬರುವುದಿಲ್ಲ.

ಯಾವ ಊರು, ಯಾವ ಡಿಸೈನ್

ತವರ ಬೆರೆಸಿದ ಬಿಳಿ ಗ್ಲೇಜ್ ಇಟಲಿಯವರು ಕಂಡುಹಿಡಿದದ್ದಲ್ಲ. 9ನೇ ಶತಮಾನದಲ್ಲಿ ಇರಾಕಿನ ಬಸ್ರಾ ಕಡೆಯ ಕುಂಬಾರರು ಚೀನಾದ ಬಿಳಿ ಪಾತ್ರೆಗಳನ್ನು ನೋಡಿದರು. ಅಂಥ ಮಣ್ಣು ಅವರಲ್ಲಿ ಇರಲಿಲ್ಲ. ಇದ್ದ ಮಣ್ಣಿನ ಮೇಲೆಯೇ ಬಿಳಿ ಹೊದಿಕೆ ಹಾಕಿದರು. ಅದು ಮುಸ್ಲಿಂ ಆಳ್ವಿಕೆಯ ಸ್ಪೇನ್‌ಗೆ ಹೋಯಿತು, ಮೆಡಿಟರೇನಿಯನ್ ವ್ಯಾಪಾರದ ಜೊತೆ ಇಟಲಿಗೂ ಬಂತು. ಇಟಲಿಯ ಮೊದಲ ಪಾತ್ರೆಗಳಲ್ಲಿ ಇದ್ದದ್ದು ಎರಡೇ ಬಣ್ಣ: ತಾಮ್ರದ ಹಸಿರು, ಮ್ಯಾಂಗನೀಸ್‌ನ ಕಂದು ನೇರಳೆ. 15ನೇ ಶತಮಾನದಲ್ಲಿ ಕೋಬಾಲ್ಟ್ ನೀಲಿ ದಪ್ಪಗೆ ಬಂದು ಕೂತಿತು. 1430ರ ಹೊತ್ತಿಗೆ ಫ್ಲಾರೆನ್ಸ್‌ನ ಸಾಂತಾ ಮರಿಯಾ ನುವೋವಾ ಆಸ್ಪತ್ರೆ ಔಷಧಿ ತುಂಬಿಡಲು ನೂರಾರು ಜಾಡಿ ಮಾಡಿಸಿತು. ಅವುಗಳ ಮೇಲೆ ಉಬ್ಬಿ ನಿಂತ ನೀಲಿ ಓಕ್ ಎಲೆಗಳನ್ನು ಇವತ್ತೂ ಮ್ಯೂಸಿಯಂಗಳಲ್ಲಿ ನೋಡಬಹುದು.

ಆಮೇಲೆ ಊರೂರಿಗೆ ಒಂದೊಂದು ಕೈಚಳಕ ಬೆಳೆಯಿತು. ಉಂಬ್ರಿಯಾದ ದೆರುತಾ, ಪೆರೂಜಾದಿಂದ ಸ್ವಲ್ಪ ದಕ್ಷಿಣಕ್ಕೆ ಟೈಬರ್ ಕಣಿವೆಯ ಮೇಲಿನ ಗುಡ್ಡದ ಊರು. 16ನೇ ಶತಮಾನದಲ್ಲಿ ಇಲ್ಲಿ ಗೋಡೆಗೆ ಹಾಕುವ ದೊಡ್ಡ ತಟ್ಟೆಗಳು ತಯಾರಾಗುತ್ತಿದ್ದವು. ನಡುವೆ ಒಬ್ಬ ಹೆಣ್ಣಿನ ಮುಖ, ಪಕ್ಕದಲ್ಲಿ ರಿಬ್ಬನ್ ಮೇಲೆ ಅವಳ ಹೆಸರು, ಅದರ ಮುಂದೆ ಚೆಲುವೆ ಅಂತ ಹೊಗಳಿಕೆ. ಸುತ್ತ ಎಲೆ ಬಳ್ಳಿಯ ಅಂಚು. ಹತ್ತಿರದ ಗುಬ್ಬಿಯೋದಲ್ಲಿ ಜೋರ್ಜೋ ಆಂದ್ರೆಯೋಲಿ ಮಾಣಿಕ್ಯದ ಕೆಂಪು ಮತ್ತು ಚಿನ್ನದ ಹೊಳಪು ಕೊಡುವ ಮೂರನೇ ಸುಡುವಿಕೆಯಲ್ಲಿ ಎತ್ತಿದ ಕೈ. ಉರ್ಬೀನೋದವರು ತಟ್ಟೆಯನ್ನೇ ಕ್ಯಾನ್ವಾಸ್ ಮಾಡಿಕೊಂಡು ಪುರಾಣ ಕಥೆಗಳನ್ನು ಬರೆದರು. ಫಾಯೆಂತ್ಸಾ ಊರಿನಿಂದ ಹೊರಟ ಪಾತ್ರೆ ಯುರೋಪಿನಲ್ಲಿ ಎಷ್ಟು ಹರಡಿತೆಂದರೆ ಫ್ರೆಂಚರು ಇಂಥ ಪಾತ್ರೆಗಳಿಗೆಲ್ಲ ಆ ಊರಿನ ಹೆಸರನ್ನೇ ಇಟ್ಟರು. 1908ರಲ್ಲಿ ಅಲ್ಲಿ ಶುರುವಾದ ಅಂತರರಾಷ್ಟ್ರೀಯ ಸೆರಾಮಿಕ್ ಮ್ಯೂಸಿಯಂ ಈ ವಿಷಯದಲ್ಲಿ ಆಸಕ್ತಿ ಇರುವವರು ನೋಡಲೇಬೇಕಾದ ಜಾಗ.

ದಕ್ಷಿಣದ ಕಡೆ ಬಂದರೆ ಕೈ ಇನ್ನೂ ಸಡಿಲ. ಸಿಸಿಲಿಯ ಕಲ್ತಾಜಿರೋನೆಯಲ್ಲಿ 142 ಮೆಟ್ಟಿಲಿನ ಒಂದು ಬೀದಿ ಇದೆ. 1954ರಲ್ಲಿ ಪ್ರತಿ ಮೆಟ್ಟಿಲಿನ ಮುಂಭಾಗಕ್ಕೂ ಬಣ್ಣದ ಟೈಲ್ ಹಾಕಿದರು. ಅಮಾಲ್ಫಿ ಕರಾವಳಿಯ ವಿಯೆತ್ರಿಯಲ್ಲಿ ಮೀನು, ಕುರಿ, ಕತ್ತೆ. ಆ ಕತ್ತೆ ಈಗ ಊರಿನ ಗುರುತೇ ಆಗಿದೆ. ಅದು ಮಾತ್ರ ಹಳೆಯದಲ್ಲ, 1920ರ ದಶಕದಿಂದ ಅಲ್ಲಿ ಬಂದು ನೆಲೆಸಿದ ಜರ್ಮನ್ ಕಲಾವಿದರ ಕಾಲದ್ದು.

ಈ ಎಲ್ಲದರಲ್ಲಿ ಹೊಸಬರು ಸಾಮಾನ್ಯವಾಗಿ ಆಯ್ದುಕೊಳ್ಳುವುದು ದೆರುತಾದ ರಾಫಾಯೆಲ್ಲೆಸ್ಕೋ. ನೀಲಿ ಹಳದಿ ಡ್ರ್ಯಾಗನ್, ಸುತ್ತ ಸುರುಳಿ. ದಯವಿಟ್ಟು ಅದರಿಂದ ಶುರು ಮಾಡಬೇಡಿ. ಬಿಳಿ ಜಾಗ ಜಾಸ್ತಿ ಬಿಟ್ಟು ನಡುವೆ ಸಣ್ಣ ಚಿತ್ರ ಮಾತ್ರ ಇರುವ ಫಾಯೆಂತ್ಸಾದ ಬಿಳಿ ತಟ್ಟೆಗಳೂ ಬೇಡ. ನೋಡಲು ಸುಲಭ, ಆದರೆ ಅಲ್ಲಿ ಒಂದು ಗೆರೆ ತಪ್ಪಿದರೂ ಅಡಗಿಸಲು ಜಾಗವಿಲ್ಲ. ಕಲಿಯುವವರಿಗೆ ತುಂಬಿದ ಅಂಚೇ ಒಳ್ಳೆಯದು. ನನ್ನ ಆಯ್ಕೆ ಫಾಯೆಂತ್ಸಾದ ನವಿಲುಗರಿ. 15ನೇ ಶತಮಾನದ ಕೊನೆಯಲ್ಲಿ ಅದರ ಹವಾ ಜೋರಾಗಿತ್ತು. ಬೊಲೊನ್ಯಾದ ಸಾನ್ ಪೆತ್ರೋನಿಯೋ ಚರ್ಚಿನ ಒಂದು ಚಾಪೆಲ್‌ನ ನೆಲಕ್ಕೆ 1487ರಲ್ಲಿ ಫಾಯೆಂತ್ಸಾದ ಕುಶಲಕರ್ಮಿ ಸಾವಿರಕ್ಕೂ ಹೆಚ್ಚು ಟೈಲ್ ಮಾಡಿ ಹಾಸಿದ್ದಾನೆ. ಆ ಕಾಲದ ವಿನ್ಯಾಸಗಳನ್ನು ಒಂದೇ ಕಡೆ ನೋಡಲು ಅದು ಒಳ್ಳೆಯ ಜಾಗ. ನವಿಲುಗರಿಯಲ್ಲಿ ಒಂದೇ ಕಣ್ಣು ಮತ್ತೆ ಮತ್ತೆ ಬರುತ್ತದೆ. ಹದಿನಾರನೆಯದನ್ನು ಬರೆಯುವ ಹೊತ್ತಿಗೆ ಕೈಗೆ ಅದು ಗೊತ್ತಾಗಿರುತ್ತದೆ.

ಏನೇನು ಬೇಕು

ಒಮ್ಮೆ ಸುಟ್ಟ, ಗ್ಲೇಜ್ ಹಾಕದ ಮಣ್ಣಿನ ತಟ್ಟೆ ಬೇಕು. ಕುಂಬಾರಿಕೆಯವರು ಅದನ್ನು ಬಿಸ್ಕ್ ಅನ್ನುತ್ತಾರೆ. 28 ಸೆಂ.ಮೀ ಅಗಲ, ಅದರಲ್ಲಿ ಸುಮಾರು 5 ಸೆಂ.ಮೀ ಚಪ್ಪಟೆ ಅಂಚು ಇದ್ದರೆ ಅನುಕೂಲ. ಮಣ್ಣು ಟೆರಾಕೋಟಾ ಜಾತಿಯದಾಗಿರಲಿ, ಗಟ್ಟಿ ಸ್ಟೋನ್‌ವೇರ್ ಬೇಡ. ಇಟಲಿಯವರು ಸುಣ್ಣದ ಅಂಶ ಇರುವ ಮಣ್ಣನ್ನೇ ಆರಿಸುತ್ತಿದ್ದರು. ಅಂಥ ಮಣ್ಣು ತಣಿಯುವಾಗ ಗ್ಲೇಜ್ ಜೊತೆ ಹೊಂದಿಕೊಂಡು ಕುಗ್ಗುತ್ತದೆ, ಮೇಲೆ ಕೂದಲೆಳೆಯಂಥ ಬಿರುಕು ಬರುವುದು ಕಡಿಮೆ.

ಬಿಸ್ಕ್ ಅನ್ನು 1000ರಿಂದ 1040 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಿರಬೇಕು. ಎರಡನೇ ಸಲ ಗ್ಲೇಜ್ ಜೊತೆ ಸುಡುವುದು ಅದಕ್ಕಿಂತ ಕಡಿಮೆ ಶಾಖದಲ್ಲಿ. ಮಣ್ಣಿನೊಳಗಿನ ಗಾಳಿ, ಅನಿಲ ಎಲ್ಲ ಮೊದಲ ಸಲವೇ ಹೊರಹೋಗಿರಲಿ ಅಂತ ಹೀಗೆ. ಇಲ್ಲದಿದ್ದರೆ ಅದು ಎರಡನೇ ಸಲ ಗ್ಲೇಜ್ ಸೀಳಿಕೊಂಡು ಹೊರಬಂದು ಸೂಜಿ ತೂತು ಬಿಡುತ್ತದೆ.

ಮಯೋಲಿಕಾಗೆ ಅಂತಲೇ ಸಿಗುವ ಬಿಳಿ ಅಪಾರದರ್ಶಕ ಗ್ಲೇಜ್ ಕೊಳ್ಳಿ. ಹಳೆಯ ಕಾಲದಲ್ಲಿ ಮರಳು ಮತ್ತು ವೈನ್ ಪೀಪಾಯಿಯ ತಳದ ಗಷ್ಟನ್ನು ಸುಟ್ಟ ಬೂದಿ ಸೇರಿಸಿ ಗಾಜು ಮಾಡಿ, ಅದಕ್ಕೆ ಸುಟ್ಟ ಸೀಸ ಮತ್ತು ತವರ ಬೆರೆಸುತ್ತಿದ್ದರು. ನಮಗೆ ಸೀಸದ ಸಹವಾಸ ಬೇಡ. ಈಗ ಸೀಸವಿಲ್ಲದ ಗ್ಲೇಜ್ ಸಿಗುತ್ತದೆ. ತವರ ದುಬಾರಿ ಅಂತ ಕೆಲವದರಲ್ಲಿ ಜಿರ್ಕೋನಿಯಂ ಹಾಕಿರುತ್ತಾರೆ. ಪರವಾಗಿಲ್ಲ, ಆದರೆ ತವರದ ಬಿಳಿ ಸ್ವಲ್ಪ ಮೆತ್ತಗೆ, ಬೆಚ್ಚಗೆ ಕಾಣುತ್ತದೆ. ಕೆಲಸದ ಮುಖ್ಯ ಗುಣ ಎರಡರಲ್ಲೂ ಇದೆ: ಗ್ಲೇಜ್ ಕರಗಿದಾಗಲೂ ಮಂದವಾಗಿ ನಿಲ್ಲುತ್ತದೆ, ನೀವು ಬರೆದ ಗೆರೆ ಹರಿದು ಹೋಗುವುದಿಲ್ಲ.

ಬಣ್ಣಗಳು ಐದು ಸಾಕು: ಕೋಬಾಲ್ಟ್ ನೀಲಿ, ತಾಮ್ರದ ಹಸಿರು, ಹಳದಿ, ಕಿತ್ತಳೆ, ಮ್ಯಾಂಗನೀಸ್‌ನ ನೇರಳೆ ಕಂದು. ಹಳೆಯ ಹಳದಿ ಸೀಸ ಮತ್ತು ಆಂಟಿಮನಿಯಿಂದ ಆಗುತ್ತಿತ್ತು, ಕಿತ್ತಳೆಗೆ ಅದರ ಜೊತೆ ಕಬ್ಬಿಣ. ಅವೆರಡನ್ನೂ ರೆಡಿಮೇಡ್ ಸೆರಾಮಿಕ್ ಸ್ಟೇನ್ ರೂಪದಲ್ಲಿ ಕೊಳ್ಳಿ. ಹಳೆಯ ಇಟಾಲಿಯನ್ ತಟ್ಟೆಗಳಲ್ಲಿ ಒಳ್ಳೆಯ ಕೆಂಪು ಅಪರೂಪ ಅನ್ನುವುದನ್ನು ಗಮನಿಸಿದ್ದೀರಾ? ಆ ಶಾಖ ತಡೆದುಕೊಳ್ಳುವ ಕೆಂಪು ಅವರ ಕೈಗೆ ಸುಲಭಕ್ಕೆ ಸಿಗಲಿಲ್ಲ. ಕಿತ್ತಳೆಯೇ ಅವರ ಕೆಂಪು.

ಬ್ರಷ್‌ಗೆ ಮಾತ್ರ ಜಿಪುಣತನ ಬೇಡ. ಮೂರು ಬೇಕು. ಉದ್ದ ಕೂದಲಿನ ತೆಳು ಲೈನರ್ ಒಂದು. ಹೊಟ್ಟೆ ದಪ್ಪ, ತುದಿ ಚೂಪು ಇರುವ ದುಂಡನೆಯದು ಒಂದು. ಬಣ್ಣ ತುಂಬಲು ಅಗಲದ್ದು ಒಂದು. ಕೂದಲು ಉದ್ದ ಇದ್ದಷ್ಟೂ ಬಣ್ಣ ಜಾಸ್ತಿ ಹಿಡಿಯುತ್ತದೆ, ಎಳೆತ ನಡುವೆ ಒಣಗುವುದಿಲ್ಲ. 1557ರ ಸುಮಾರಿಗೆ ಕಸ್ತೆಲ್ ದುರಾಂತೆ ಎಂಬ ಊರಿನ ಚಿಪ್ರಿಯಾನೋ ಪಿಕ್ಕೋಲ್‌ಪಾಸ್ಸೋ ಈ ಕಸುಬಿನ ಬಗ್ಗೆ ಚಿತ್ರಗಳ ಸಮೇತ ಒಂದು ಹಸ್ತಪ್ರತಿ ಬರೆದ. ಈಗ ಅದು ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಬ್ರಷ್‌ಗೆ ಮೇಕೆಯ ಕೂದಲು, ಕತ್ತೆಯ ಕೂದಲು, ತೀರಾ ಸಣ್ಣ ಗೆರೆಗೆ ಇಲಿ ಮೀಸೆ ಅಂತ ಅದರಲ್ಲಿ ಹೇಳಿದ್ದಾನೆ. ಓಕ್ ಎಲೆ, ಗಂಟು, ಹಣ್ಣು, ಆಯುಧಗಳ ಗೊಂಚಲು, ಅರಬ್ ಬಳ್ಳಿ ಅಂತ ವಿನ್ಯಾಸಗಳನ್ನು ಚಿತ್ರ ಬರೆದು ತೋರಿಸಿ, ನೂರಕ್ಕೆ ಎಷ್ಟು ಕೂಲಿ ಅನ್ನುವುದನ್ನೂ ಬರೆದಿಟ್ಟಿದ್ದಾನೆ. ಕಲೆ ಅಂತ ನಾವು ಕೈ ಮುಗಿಯುವ ತಟ್ಟೆಗಳು ಅವನಿಗೆ ಲೆಕ್ಕದ ಸರಕು.

ಇನ್ನುಳಿದವು ಸಣ್ಣಪುಟ್ಟವು. ಕೈಯಲ್ಲಿ ತಿರುಗಿಸುವ ತಿರುಗುಮಣೆ, ಟ್ರೇಸಿಂಗ್ ಪೇಪರ್, ಸೂಜಿ, ಇದ್ದಿಲು, ತೆಳು ಹತ್ತಿ ಬಟ್ಟೆ, ಪೆನ್ಸಿಲ್, ಸ್ಪಂಜು, ಒಂದು ಗಾಜಿನ ತುಂಡು. ಧೂಳು ತಡೆಯುವ ಒಳ್ಳೆಯ ಮಾಸ್ಕ್ ಕಡ್ಡಾಯ. ಗ್ಲೇಜ್ ಪುಡಿಯಲ್ಲಿ ಸಿಲಿಕಾ ಇರುತ್ತದೆ, ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಪುಡಿ ಉಸಿರಿಗೆ ಹೋಗಬಾರದು. ಅಡುಗೆಮನೆಯ ಚಮಚ, ಬಟ್ಟಲು ಇದಕ್ಕೆ ಬಳಸಬೇಡಿ. ಬ್ರಷ್ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಭಟ್ಟಿ ಮನೆಯಲ್ಲಿ ಇರಬೇಕೆಂದಿಲ್ಲ. ಬೆಂಗಳೂರಿನಂಥ ಊರುಗಳಲ್ಲಿ ಕುಂಬಾರಿಕೆ ಸ್ಟುಡಿಯೋಗಳಿವೆ, ದುಡ್ಡು ಕೊಟ್ಟರೆ ಸುಟ್ಟುಕೊಡುವವರು ಸಿಗುತ್ತಾರೆ. ಮೊದಲೇ ಮಾತಾಡಿ, ಅವರು ಯಾವ ಶಾಖಕ್ಕೆ ಸುಡುತ್ತಾರೆ ಅಂತ ಕೇಳಿ ಆಮೇಲೆ ಗ್ಲೇಜ್ ಕೊಳ್ಳಿ. ಅವರ ಭಟ್ಟಿ 1200 ಡಿಗ್ರಿಗೆ ಹೋಗುವಂಥದ್ದಾದರೆ, ಆ ಸುಡುವಿಕೆಯಲ್ಲಿ ನಿಮ್ಮ ತಟ್ಟೆ ಇಡಿಸಬೇಡಿ. ಬಣ್ಣ, ಗ್ಲೇಜ್ ಎರಡೂ ಕರಗಿ ಹರಿದು ಹೋಗುತ್ತವೆ.

1. ಗ್ಲೇಜ್ ಹೊದಿಸುವುದು

ತಟ್ಟೆಯನ್ನು ಒದ್ದೆ ಸ್ಪಂಜಿನಿಂದ ಒರೆಸಿ ಧೂಳು ತೆಗೆಯಿರಿ, ಒಂದು ಗಂಟೆ ಒಣಗಲು ಬಿಡಿ. ಆಮೇಲೆ ಎಣ್ಣೆ ಕೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ತಾಕಿದ ಕಡೆ ಗ್ಲೇಜ್ ಭಟ್ಟಿಯಲ್ಲಿ ಹಿಂದೆ ಸರಿದು ಮಣ್ಣು ಬೆತ್ತಲೆಯಾಗುತ್ತದೆ.

ಗ್ಲೇಜ್ ಪುಡಿಯನ್ನು ನೀರಿಗೆ ಹಾಕಿ ಒಂದು ರಾತ್ರಿ ನೆನೆಸಿ, ಮರುದಿನ ಸಣ್ಣ ಜರಡಿಯಲ್ಲಿ ಸೋಸಿ. ಅಗಲದ ಟಬ್ಬಿಗೆ ಸುರಿದು, ತಟ್ಟೆಯನ್ನು ಓರೆಯಾಗಿ ಒಳಗೆ ಜಾರಿಸಿ, ಎರಡು ಮೂರು ಸೆಕೆಂಡಿನಲ್ಲಿ ಇನ್ನೊಂದು ಕಡೆಯಿಂದ ಎತ್ತಿ. ಮಣ್ಣು ನೀರು ಹೀರಿ ಗ್ಲೇಜ್ ಮೇಲೆಯೇ ಕೂರುತ್ತದೆ. ಪದರ ಅರ್ಧದಿಂದ ಒಂದು ಮಿಲಿಮೀಟರ್ ಇದ್ದರೆ ಸರಿ. ಮೂಲೆಯಲ್ಲಿ ಸೂಜಿಯಿಂದ ಗೀರಿ ನೋಡಿ. ತೆಳುವಾದರೆ ಕೆಳಗಿನ ಮಣ್ಣಿನ ಬಣ್ಣ ಇಣುಕುತ್ತದೆ, ದಪ್ಪವಾದರೆ ಒಣಗುವಾಗಲೇ ಬಿರಿಯುತ್ತದೆ.

ಅಡಿಯ ಉಂಗುರದ ಗ್ಲೇಜ್ ಪೂರ್ತಿ ಒರೆಸಿಬಿಡಿ, ಇಲ್ಲದಿದ್ದರೆ ತಟ್ಟೆ ಭಟ್ಟಿಯ ಹಲಗೆಗೆ ಅಂಟಿಕೊಳ್ಳುತ್ತದೆ. ಒಂದು ರಾತ್ರಿ ಒಣಗಲಿ. ಮರುದಿನ ಸಣ್ಣ ತೂತುಗಳು ಕಂಡರೆ ಬೆರಳ ತುದಿಯಿಂದ ಮೆಲ್ಲಗೆ ಉಜ್ಜಿ ಮುಚ್ಚಿ. ಮಾಸ್ಕ್ ಹಾಕಿಕೊಂಡೇ.

2. ಕೈ ಪಳಗಿಸುವುದು

ತಟ್ಟೆ ಒಣಗುವ ತನಕ ಸುಮ್ನೆ ಕೂರಬೇಡಿ. ಬಿಸ್ಕ್ ಟೈಲ್ ಅಥವಾ ಒಡೆದ ತುಂಡುಗಳಿಗೆ ಅದೇ ಗ್ಲೇಜ್ ಹಾಕಿ, ಅದರ ಮೇಲೆ ಎಳೆತ ಕಲಿಯಿರಿ. ಪೇಪರ್ ಮೇಲೆ ಕಲಿತದ್ದು ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ, ಪೇಪರ್ ಇಷ್ಟು ಬೇಗ ಹೀರುವುದಿಲ್ಲ.

ಮೊದಲು ಬಣ್ಣದ ಹದ. ಬಣ್ಣದ ಪುಡಿ ಒಂದು ಭಾಗ, ಪಾರದರ್ಶಕ ಫ್ರಿಟ್ (ಕರಗಿಸಿ ಪುಡಿ ಮಾಡಿದ ಗಾಜು) ಒಂದು ಭಾಗ, ನೀರು ಹಾಕಿ ಗಾಜಿನ ಮೇಲೆ ನುಣ್ಣಗೆ ಅರೆಯಿರಿ. ಫ್ರಿಟ್ ಇಲ್ಲದಿದ್ದರೆ ಕೆಲವು ಬಣ್ಣ, ಮುಖ್ಯವಾಗಿ ಹಳದಿ ಕಿತ್ತಳೆ, ಗ್ಲೇಜಿನಲ್ಲಿ ಕರಗದೆ ಮೇಲೆ ಒರಟಾಗಿ ಉಳಿಯುತ್ತವೆ. ಡಬ್ಬಿಯಲ್ಲಿ ಬರುವ ರೆಡಿ ಮಯೋಲಿಕಾ ಬಣ್ಣವಾದರೆ ಫ್ರಿಟ್ ಮೊದಲೇ ಇರುತ್ತದೆ, ನೀರು ಸಾಕು. ಬ್ರಷ್ ಸರಾಗವಾಗಿ ಜಾರಬೇಕು, ಆದರೆ ಬಣ್ಣ ತೊಟ್ಟಿಕ್ಕಬಾರದು. ಕೋಬಾಲ್ಟ್ ಬಗ್ಗೆ ಒಂದು ಎಚ್ಚರ: ಹಸಿಯಾಗಿದ್ದಾಗ ಪೇಲವವಾಗಿ ಕಂಡದ್ದು ಸುಟ್ಟ ಮೇಲೆ ಕಡುನೀಲಿ ಆಗುತ್ತದೆ. ಮೊದಲು ಒಂದು ಟೈಲ್ ಮೇಲೆ ನೀರು ಜಾಸ್ತಿ, ಕಡಿಮೆ ಮಾಡಿ ನಾಲ್ಕೈದು ಪಟ್ಟಿ ಬರೆದು ಸುಡಿಸಿ, ಆ ಟೈಲನ್ನು ಕಣ್ಣ ಮುಂದೆ ಇಟ್ಟುಕೊಂಡೇ ಕೆಲಸ ಮಾಡಿ.

ಇನ್ನು ಎಳೆತ. ನಾಲ್ಕು ಇವೆ, ಉಳಿದದ್ದೆಲ್ಲ ಇವುಗಳ ಜೋಡಣೆ.

ಹನಿ: ದುಂಡು ಬ್ರಷ್ ತುದಿ ತಾಕಿಸಿ, ಒತ್ತಿ, ಹಾಗೆಯೇ ನೇರ ಎತ್ತಿ. ಹನಿಯ ಆಕಾರ ಬರುತ್ತದೆ.

ಅಲ್ಪವಿರಾಮ: ಒತ್ತಿ ಶುರು ಮಾಡಿ, ಬಾಗಿಸುತ್ತಾ ಒತ್ತಡ ಬಿಡುತ್ತಾ ಹೋಗಿ. ತುದಿ ತಾನಾಗಿ ಸಣ್ಣಗಾಗಿ ಮುಗಿಯಬೇಕು. ಬಳ್ಳಿಯ ಎಲೆಗಳೆಲ್ಲ ಇದೇ.

ಎಲೆ: ಸಣ್ಣಗೆ ಶುರು, ನಡುವೆ ಒತ್ತು, ಮತ್ತೆ ಸಣ್ಣಗೆ. ಬ್ರಷ್ ಒಂದೇ ವೇಗದಲ್ಲಿ ಹೋಗಬೇಕು, ಬದಲಾಗುವುದು ಒತ್ತಡ ಮಾತ್ರ.

ಸುರುಳಿ: ಲೈನರ್‌ನಲ್ಲಿ. ಇಲ್ಲಿ ಬೆರಳು ಆಡಬಾರದು, ಮಣಿಕಟ್ಟು ಕೂಡ ಹೆಚ್ಚು ಆಡಬಾರದು. ಕಿರುಬೆರಳನ್ನು ಒಂದು ಕಡೆ ಊರಿ ಇಡೀ ಮುಂಗೈ ತಿರುಗಲಿ.

ಗಡಿಬಿಡಿಯೂ ಬೇಡ, ನಿಧಾನವೂ ಬೇಡ. ನಿಧಾನ ಮಾಡಿದರೆ ಗ್ಲೇಜ್ ಬ್ರಷ್‌ನ ನೀರನ್ನೆಲ್ಲ ಎಳೆದುಕೊಂಡು ಗೆರೆ ಹರಕಲಾಗುತ್ತದೆ. ಒಂದು ಟೈಲ್ ತುಂಬಾ ಬರೀ ಅಲ್ಪವಿರಾಮ ಬರೆಯಿರಿ. ಬೇಜಾರು ಬರುತ್ತದೆ, ಬರಲಿ. ಆ ಟೈಲನ್ನು ಸುಡುವ ಅಗತ್ಯವಿಲ್ಲ, ಗ್ಲೇಜ್ ತೊಳೆದು ಮತ್ತೆ ಬಳಸಿ.

3. ತಟ್ಟೆಯನ್ನು ಭಾಗ ಮಾಡುವುದು

ತಟ್ಟೆಯನ್ನು ತಿರುಗುಮಣೆಯ ನಡುವೆ ಇಡಿ. ಕೈ ಅಲ್ಲಾಡಿಸದೆ ಪೆನ್ಸಿಲ್ ಹಿಡಿದು ಮಣೆ ತಿರುಗಿಸಿ, ತಟ್ಟೆ ಅತ್ತಿತ್ತ ಓಲಾಡದಿದ್ದರೆ ನಡು ಸಿಕ್ಕಿತು. ಅಂಚಿನ ಒಳಗೆರೆ, ಹೊರಗೆರೆ ಪೆನ್ಸಿಲ್‌ನಲ್ಲಿ ತೀರಾ ಹಗುರವಾಗಿ ಹಾಕಿ. ಪೆನ್ಸಿಲ್ ಗೆರೆ ಭಟ್ಟಿಯಲ್ಲಿ ಸುಟ್ಟು ಹೋಗುತ್ತದೆ, ಚಿಂತೆಯಿಲ್ಲ.

ಈಗ ಅಂಚನ್ನು ಎರಡು ಭಾಗ, ನಾಲ್ಕು, ಎಂಟು, ಹದಿನಾರು. ಅರ್ಧ ಮಾಡುತ್ತಾ ಹೋದರೆ ಅಳತೆಪಟ್ಟಿಯೇ ಬೇಡ. 28 ಸೆಂ.ಮೀ ತಟ್ಟೆಯ ಅಂಚಿನ ನಡುವೆ ಒಂದೊಂದು ಭಾಗ ಸುಮಾರು ನಾಲ್ಕೂವರೆ ಸೆಂ.ಮೀ ಬರುತ್ತದೆ. ಒಂದು ನವಿಲುಗರಿಗೆ ಅದು ಹದವಾದ ಜಾಗ. ಈ ಹಂತವನ್ನು ಹಾರಿಸಿ ಕಣ್ಣಂದಾಜಿನಲ್ಲಿ ಬರೆಯಲು ಹೋದರೆ, ಕೊನೆಯ ಗರಿಗೆ ಜಾಗ ಅರ್ಧವೇ ಉಳಿದಿರುತ್ತದೆ.

4. ಇದ್ದಿಲ ಪುಡಿಯ ಚುಕ್ಕೆ

ಇಟಲಿಯ ವರ್ಕ್‌ಶಾಪ್‌ಗಳಲ್ಲಿ ಇದಕ್ಕೆ ಸ್ಪೋಲ್ವೆರೋ ಅನ್ನುತ್ತಾರೆ. ನಮ್ಮಲ್ಲಿ ತೂತು ಕೊರೆದ ಅಚ್ಚಿನ ಮೇಲೆ ರಂಗೋಲಿ ಪುಡಿ ಎಳೆದರೆ ಕೆಳಗೆ ಚುಕ್ಕೆ ಚುಕ್ಕೆಯಾಗಿ ಡಿಸೈನ್ ಮೂಡುತ್ತದಲ್ಲ, ಅದೇ ಉಪಾಯ.

ಟ್ರೇಸಿಂಗ್ ಪೇಪರ್ ಮೇಲೆ ಒಂದು ಗರಿ ಬರೆಯಿರಿ: ಕೆಳಗೆ ಚೂಪು, ಮೇಲೆ ದುಂಡು, ಒಳಗೆ ಒಂದು ಕಣ್ಣು. ಮೆತ್ತನೆಯ ಬಟ್ಟೆ ಕೆಳಗಿಟ್ಟು ಗೆರೆಯ ಉದ್ದಕ್ಕೂ ಒಂದೆರಡು ಮಿಲಿಮೀಟರ್ ಬಿಟ್ಟು ಸೂಜಿ ಚುಚ್ಚಿ. ಹಿಂಬದಿಯ ಉಬ್ಬನ್ನು ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ಇಲ್ಲದಿದ್ದರೆ ತೂತು ಮುಚ್ಚಿಕೊಳ್ಳುತ್ತದೆ. ಇದ್ದಿಲನ್ನು ನುಣ್ಣಗೆ ಪುಡಿ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿ. ಪೇಪರನ್ನು ಒಂದು ಭಾಗದ ಮೇಲೆ ಇಟ್ಟು ಗಂಟಿನಿಂದ ಮೆಲ್ಲಗೆ ತಟ್ಟಿ. ಉಜ್ಜಬೇಡಿ. ಪೇಪರ್ ನೇರ ಮೇಲಕ್ಕೆತ್ತಿ, ಮುಂದಿನ ಭಾಗಕ್ಕೆ ಹೋಗಿ. ಇದ್ದಿಲೂ ಭಟ್ಟಿಯಲ್ಲಿ ಸುಟ್ಟು ಮಾಯವಾಗುತ್ತದೆ. ಚೆನ್ನಾಗಿ ಮಾಡಿದ ಪೇಪರ್ ವರ್ಷಗಟ್ಟಲೆ ಬರುತ್ತದೆ, ಎಸೆಯಬೇಡಿ.

ಚುಕ್ಕೆ ದಾರಿ ತೋರಿಸಲು ಮಾತ್ರ. ಒಂದೊಂದು ಚುಕ್ಕೆಯನ್ನೂ ಸೇರಿಸುತ್ತಾ ಹೋದರೆ ಗೆರೆ ನಡುಗುತ್ತದೆ. ಚುಕ್ಕೆಯ ಮೇಲೆ ಒಮ್ಮೆ ಗಾಳಿಯಲ್ಲಿ ಬ್ರಷ್ ಆಡಿಸಿ ನೋಡಿ, ಆಮೇಲೆ ಒಂದೇ ಎಳೆತದಲ್ಲಿ ಎಳೆಯಿರಿ.

5. ಬಣ್ಣ ಬರೆಯುವುದು

ಯಾವ ಬಣ್ಣ ಮೊದಲು ಅನ್ನುವುದರಲ್ಲಿ ವರ್ಕ್‌ಶಾಪ್‌ಗಳು ಒಂದೇ ರೀತಿ ಇಲ್ಲ. ಕಲಿಯುವವರಿಗೆ ಈ ಕ್ರಮ ಸುಲಭ.

ಮೊದಲು ಪಟ್ಟೆ. ಲೈನರ್ ತುಂಬಾ ನೀಲಿ ತಗೊಳ್ಳಿ, ಮೊಣಕೈ ಮೇಜಿಗೆ ಊರಿ, ಎಡಗೈಯಲ್ಲಿ ಮಣೆ ಒಂದೇ ವೇಗದಲ್ಲಿ ತಿರುಗಿಸಿ, ಬ್ರಷ್ ತುದಿ ಮಾತ್ರ ತಾಕಿಸಿ. ಬ್ರಷ್ ಓಡುವುದಿಲ್ಲ, ತಟ್ಟೆ ಓಡುತ್ತದೆ. ಅಂಚಿನ ಒಳಗೂ ಹೊರಗೂ ಒಂದೊಂದು ಗೆರೆ ಬಂದರೆ ಜಾಗಕ್ಕೆ ಬೇಲಿ ಹಾಕಿದಂತೆ, ಆಮೇಲೆ ಧೈರ್ಯ ಬರುತ್ತದೆ.

ಆಮೇಲೆ ಗರಿಯ ಹೊರಗೆರೆ, ತೆಳು ನೀಲಿ ಅಥವಾ ಮ್ಯಾಂಗನೀಸ್‌ನಲ್ಲಿ. ಎಡದಿಂದ ಒಂದು ಎಳೆತ, ಬಲದಿಂದ ಒಂದು, ಎರಡೂ ಮೇಲೆ ಸೇರಲಿ. ಹದಿನಾರು ಗರಿಗೂ ಇದೊಂದೇ ಕೆಲಸ ಮುಗಿಸಿ. ಒಂದು ಗರಿಯನ್ನು ಪೂರ್ತಿ ಮಾಡಿ ಇನ್ನೊಂದಕ್ಕೆ ಹೋಗಬೇಡಿ. ಒಂದೇ ಎಳೆತ ಹದಿನಾರು ಸಲ ಬಂದಾಗ ಕೈಗೆ ಲಯ ಸಿಗುತ್ತದೆ, ಗರಿಗಳೂ ಒಂದನ್ನೊಂದು ಹೋಲುತ್ತವೆ.

ಮೂರನೆಯದು ಕಣ್ಣು. ದುಂಡು ಬ್ರಷ್‌ನಲ್ಲಿ ಕಿತ್ತಳೆಯ ಒಂದು ಹನಿ. ಅದರ ಸುತ್ತ ಬಿಳಿ ಸ್ವಲ್ಪ ಬಿಟ್ಟು ಹಳದಿಯ ಕಮಾನು. ಅದರಾಚೆ ಹಸಿರಿನ ಕಮಾನು. ಬಣ್ಣಗಳು ಒಂದಕ್ಕೊಂದು ತಾಗದಿರಲಿ. ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರಾಗುತ್ತದೆ. ತಾಮ್ರದ ಹಸಿರು ಇವುಗಳಲ್ಲೆಲ್ಲ ಸ್ವಲ್ಪ ಹರಿಯುವ ಜಾತಿ, ಅದನ್ನು ತೆಳುವಾಗಿಯೇ ಹಾಕಿ.

ನಾಲ್ಕನೆಯದು ಗರಿಯ ಕೂದಲು. ಹೊರಗೆರೆಯಿಂದ ಹೊರಕ್ಕೆ ಸಣ್ಣ ಸಣ್ಣ ಅಲ್ಪವಿರಾಮಗಳು, ಕಡುನೀಲಿಯಲ್ಲಿ, ಬುಡದಲ್ಲಿ ಗಿಡ್ಡ, ತುದಿಗೆ ಬರುತ್ತಾ ಉದ್ದ. ತಟ್ಟೆಗೆ ಜೀವ ಬರುವುದು ಇಲ್ಲೇ, ಹೊಸಬರ ಕೈ ಸೋಲುವುದೂ ಇಲ್ಲೇ. ಹತ್ತು ಗರಿ ಆದ ಮೇಲೆ ಎದ್ದು ಹೋಗಿ ಕಾಫಿ ಕುಡಿದು ಬನ್ನಿ. ದಣಿದ ಕೈಯ ಎಳೆತಕ್ಕೆ ಬಾಲ ಬರುವುದಿಲ್ಲ, ಮೊಂಡಾಗುತ್ತದೆ.

ಗರಿಗಳ ನಡುವಿನ ಬಿಳಿ ತ್ರಿಕೋನದಲ್ಲಿ ಮೂರು ಚುಕ್ಕೆ ಇಟ್ಟರೆ ಅಂಚು ಮುಗಿಯಿತು. ತಟ್ಟೆಯ ನಡುವಿಗೆ ಎಂಟು ಎಸಳಿನ ಹೂವು ಸಾಕು, ಎಂಟು ಹನಿ ಅಷ್ಟೆ. ಅಂಚು ಮಾತಾಡುವಾಗ ನಡು ಸುಮ್ಮನಿದ್ದರೆ ಚೆಂದ.

ತಪ್ಪಾದರೆ? ಒದ್ದೆ ಬಟ್ಟೆ ಮುಟ್ಟಿಸಬೇಡಿ. ಪೂರ್ತಿ ಒಣಗಲು ಬಿಟ್ಟು, ಚೂಪು ಬ್ಲೇಡಿನ ತುದಿಯಿಂದ ಬಣ್ಣದ ಪುಡಿಯನ್ನು ಮೇಲೆ ಮೇಲೆ ಕೆರೆದು, ಒಣ ಬ್ರಷ್‌ನಲ್ಲಿ ಗುಡಿಸಿ. ಸಣ್ಣ ಚುಕ್ಕೆಗೆ ಇದು ಸಾಕು. ದೊಡ್ಡ ತಪ್ಪಿಗೆ ಒಂದೋ ಅದನ್ನು ಎಲೆಯಾಗಿಸಿ, ಇಲ್ಲವೇ ತಟ್ಟೆ ಪೂರ್ತಿ ತೊಳೆದು ಒಣಗಿಸಿ ಮೊದಲಿನಿಂದ ಶುರು ಮಾಡಿ. ಹಳೆಯ ತಟ್ಟೆಗಳಲ್ಲಿ ಎಲ್ಲೋ ಒಂದು ಕಡೆ ವಿನಾಕಾರಣ ಒಂದು ಎಲೆ ಕಂಡಾಗ ನನಗೆ ಯಾವಾಗಲೂ ಅನುಮಾನ.

ಬಯಸಿದರೆ ಕೊನೆಗೆ ಪಾರದರ್ಶಕ ಗ್ಲೇಜನ್ನು ತೀರಾ ತೆಳುವಾಗಿ ಸಿಂಪಡಿಸಬಹುದು. ಇಟಲಿಯವರು ಕೊಪೆರ್ತಾ ಅನ್ನುವುದು ಇದನ್ನೇ. ಹೊಳಪು ಜಾಸ್ತಿಯಾಗುತ್ತದೆ. ಬ್ರಷ್‌ನಲ್ಲಿ ಹಚ್ಚಲು ಹೋದರೆ ಕೆಳಗಿನ ಬಣ್ಣವೆಲ್ಲ ಕಲಸಿಹೋಗುತ್ತದೆ.

6. ಸುಡುವುದು

ಗ್ಲೇಜ್ ಡಬ್ಬಿಯ ಮೇಲೆ ಬರೆದ ಶಾಖವನ್ನೇ ನಂಬಿ. ಇಟಲಿಯ ಮಯೋಲಿಕಾ ಗ್ಲೇಜ್‌ಗಳು ಹೆಚ್ಚಾಗಿ 920ರಿಂದ 980 ಡಿಗ್ರಿಗೆ ತಯಾರಾದವು, ಬೇರೆ ಕೆಲವಕ್ಕೆ 1000ಕ್ಕಿಂತ ಜಾಸ್ತಿ ಬೇಕು. ಹಾಗಿದ್ದರೆ ಬಿಸ್ಕ್ ಇನ್ನೂ ಸ್ವಲ್ಪ ಹೆಚ್ಚಿಗೆ ಸುಟ್ಟಿರಲಿ. ಶುರುವಿನಲ್ಲಿ ಗಂಟೆಗೆ ನೂರು ಡಿಗ್ರಿಯಂತೆ ನಿಧಾನಕ್ಕೆ ಏರಿಸಿ. ಇದ್ದಿಲು, ಅಂಟು ಎಲ್ಲ ಸುಟ್ಟು ಹೊಗೆ ಹೋಗಲು 500 ಡಿಗ್ರಿ ತನಕ ಗಾಳಿಕಿಂಡಿ ತೆರೆದಿರಲಿ. ಮೇಲಿನ ಶಾಖ ಮುಟ್ಟಿದ ಮೇಲೆ ಹತ್ತು ಹದಿನೈದು ನಿಮಿಷ ಅಲ್ಲೇ ನಿಲ್ಲಿಸಿದರೆ ಸಣ್ಣ ಗುಳ್ಳೆಗಳು ಒಡೆದು ಮೈ ನುಣುಪಾಗುತ್ತದೆ. ತಟ್ಟೆಗಳು ಒಂದಕ್ಕೊಂದು ತಾಗಬಾರದು. ಭಟ್ಟಿ 100 ಡಿಗ್ರಿಗಿಂತ ಕೆಳಗಿಳಿಯುವ ತನಕ ಬಾಗಿಲು ತೆಗೆಯಬೇಡಿ. ಇಣುಕಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ, ಅಲ್ವಾ? ತಣ್ಣನೆ ಗಾಳಿ ಬಡಿದರೆ ತಟ್ಟೆ ಸೀಳುತ್ತದೆ.

ಆಮೇಲೆ ರಾಫಾಯೆಲ್ಲೆಸ್ಕೋ

ನವಿಲುಗರಿ ಕೈ ಹತ್ತಿದ ಮೇಲೆ ಡ್ರ್ಯಾಗನ್‌ಗೆ ಬನ್ನಿ. ರೋಮ್‌ನಲ್ಲಿ 1480ರ ಸುಮಾರಿಗೆ ನೀರೋ ಚಕ್ರವರ್ತಿಯ ಅರಮನೆಯ ಹೂತುಹೋದ ಕೋಣೆಗಳು ಸಿಕ್ಕವು. ಅದರ ಗೋಡೆ ತುಂಬಾ ಅರ್ಧ ಪ್ರಾಣಿ, ಅರ್ಧ ಬಳ್ಳಿಯಾದ ವಿಚಿತ್ರ ಜೀವಿಗಳು. ಕಲಾವಿದರು ಹಗ್ಗ ಕಟ್ಟಿ ಒಳಗಿಳಿದು ನೋಡಿ ಬಂದರು. ರಾಫೇಲ್ ಮತ್ತು ಶಿಷ್ಯರು ವ್ಯಾಟಿಕನ್ನಿನ ಮೊಗಸಾಲೆಗೆ ಅದೇ ಶೈಲಿ ತಂದರು. ರಾಫೇಲ್‌ನ ಊರು ಉರ್ಬೀನೋದ ಕುಂಬಾರರು 16ನೇ ಶತಮಾನದ ಎರಡನೇ ಅರ್ಧದಲ್ಲಿ ಬಿಳಿ ಹಿನ್ನೆಲೆಯ ಮೇಲೆ ಆ ಜೀವಿಗಳನ್ನು ಬರೆಯತೊಡಗಿದರು. ಇವತ್ತಿನ ದೆರುತಾ ಡ್ರ್ಯಾಗನ್ ಆ ವಂಶದ್ದು. ಅದರ ಬಾಯಿಂದ ಬರುವುದು ಬೆಂಕಿಯಲ್ಲ, ಒಳ್ಳೆಯ ಗಾಳಿ ಅಂತ ಅಲ್ಲಿನ ಅಂಗಡಿಗಳಲ್ಲಿ ಕಥೆ ಹೇಳುತ್ತಾರೆ.

ಬರೆಯುವವರಿಗೆ ಬೇಕಾದ ಗುಟ್ಟು ಬೇರೆ. ಆ ಡ್ರ್ಯಾಗನ್ ದೇಹವನ್ನು ಬಿಡಿಸಿ ನೋಡಿದರೆ ಒಂದು ದೊಡ್ಡ ಸುರುಳಿ, ಅದಕ್ಕೆ ಅಂಟಿದ ಅಲ್ಪವಿರಾಮಗಳು. ರೆಕ್ಕೆ ಅಂದರೆ ಸಾಲಾಗಿ ಜೋಡಿಸಿದ ಎಲೆ ಎಳೆತ. ಮೊದಲು ಬೆನ್ನಿನ ಸುರುಳಿ ಎಳೆಯಿರಿ, ಮುಖ ಕೊನೆಗೆ ಇರಲಿ. ಹೊಟ್ಟೆಗೆ ಹಳದಿ, ಅದರ ಒಂದು ಬದಿಗೆ ಮಾತ್ರ ಕಿತ್ತಳೆ, ಬೆನ್ನಿಗೆ ತೆಳು ನೀಲಿ. ನೆರಳು ಯಾವಾಗಲೂ ಒಂದೇ ಬದಿಗೆ ಬೀಳಲಿ.

ದೆರುತಾ ಕಡೆ ಹೋಗುವ ಅವಕಾಶ ಸಿಕ್ಕರೆ ಡ್ರ್ಯಾಗನ್ ಅಂಗಡಿಗಳಲ್ಲೇ ಮುಳುಗಬೇಡಿ. ಹತ್ತಿರದಲ್ಲೇ ಮದೊನ್ನಾ ದೇಯಿ ಬಾನ್ಯಿ ಅನ್ನುವ ಚಿಕ್ಕ ಚರ್ಚ್ ಇದೆ. 1657ರಿಂದ ಜನ ಅಲ್ಲಿಗೆ ಹರಕೆಯ ಟೈಲ್ ಒಪ್ಪಿಸುತ್ತಾ ಬಂದಿದ್ದಾರೆ, ಗೋಡೆಯ ತುಂಬಾ ಅವೇ. ಮರದಿಂದ ಬಿದ್ದವರು, ಗಾಡಿಯ ಕೆಳಗೆ ಸಿಕ್ಕವರು, ಹಾಸಿಗೆ ಹಿಡಿದವರು, ಮೇಲೆ ಮೂಲೆಯಲ್ಲಿ ಮೇರಿ ಮಾತೆ. ಎಂಟು ಹತ್ತು ಎಳೆತದಲ್ಲಿ ಒಬ್ಬ ಮನುಷ್ಯ ಏಣಿಯಿಂದ ಬೀಳುತ್ತಾನೆ. ಸುಟ್ಟರೆ ಬದಲಾಯಿಸಲಾಗದ ಈ ಮಾಧ್ಯಮದಲ್ಲಿ ಎಷ್ಟು ಕಡಿಮೆ ಬರೆದರೆ ಸಾಕು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಕೊಳ್ಳುವಾಗ, ಬಳಸುವಾಗ

ಸ್ವಲ್ಪ ಬರೆದು ಅಭ್ಯಾಸವಾದವರ ಕಣ್ಣಿಗೆ ನಕಲಿ ಬೇಗ ಸಿಕ್ಕಿಬೀಳುತ್ತದೆ. ಒಂದೇ ತಟ್ಟೆಯ ಎರಡು ಎಲೆಗಳನ್ನು ಪಕ್ಕಪಕ್ಕ ನೋಡಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿದ್ದರೆ ಅದು ಅಂಟಿಸಿದ ಪ್ರಿಂಟ್. ಭೂತಗನ್ನಡಿಯಲ್ಲಿ ಪ್ರಿಂಟ್‌ನ ಸಣ್ಣ ಚುಕ್ಕೆಗಳ ಜಾಲ ಕಾಣಬಹುದು. ಕೈಬರಹದಲ್ಲಿ ಎಳೆತ ಶುರುವಾದಲ್ಲಿ ಬಣ್ಣ ಗಾಢ, ಬಾಲದಲ್ಲಿ ತೆಳು, ಎರಡು ಎಳೆತ ಹಾಯ್ದ ಕಡೆ ಇನ್ನೂ ಗಾಢ. ತಟ್ಟೆ ತಿರುಗಿಸಿ ಬೆನ್ನು ನೋಡಿ. ಊರಿನ ಹೆಸರು, ಕೈಯಲ್ಲಿ ಬರೆದದ್ದು ಅಂತ ಇಟಾಲಿಯನ್‌ನಲ್ಲಿ ದಿಪಿಂತೋ ಆ ಮಾನೋ ಅನ್ನುವ ಬರಹ ಇರುತ್ತದೆ. ಬರಹ ಇದ್ದ ಮಾತ್ರಕ್ಕೆ ನಂಬಬೇಕಿಲ್ಲ, ಎಳೆತವನ್ನೇ ನಂಬಿ. ಸಾಂಪ್ರದಾಯಿಕ ಸೆರಾಮಿಕ್ ಊರುಗಳಿಗೆ ಗುರುತಿನ ಮುದ್ರೆ ಕೊಡಲು ಇಟಲಿಯಲ್ಲಿ 1990ರ 188ನೇ ಕಾನೂನು ಇದೆ.

ನೀವು ಮಾಡಿದ ತಟ್ಟೆಯಲ್ಲಿ ಊಟ ಮಾಡಬಹುದೇ? ಗ್ಲೇಜ್ ಮತ್ತು ಬಣ್ಣ ಎರಡರ ಡಬ್ಬಿಯ ಮೇಲೂ ಆಹಾರಕ್ಕೆ ಸುರಕ್ಷಿತ ಅಂತ ಇದ್ದು, ಹೇಳಿದ ಶಾಖಕ್ಕೆ ಸರಿಯಾಗಿ ಸುಟ್ಟಿದ್ದರೆ ಒಣ ತಿಂಡಿ, ಹಣ್ಣು ಇಡಲು ಅಡ್ಡಿಯಿಲ್ಲ. ಹುಳಿ ಸಾರು, ಉಪ್ಪಿನಕಾಯಿ, ನಿಂಬೆಹಣ್ಣಿನ ರಸ ಮಾತ್ರ ಬೇಡ, ತಾಮ್ರದ ಹಸಿರಿದ್ದರಂತೂ ಬೇಡವೇ ಬೇಡ. ಹುಳಿ ಅದನ್ನು ಬಿಡಿಸಿಕೊಳ್ಳುತ್ತದೆ. ಹಳೆಯ ಅಥವಾ ಮೂಲ ಗೊತ್ತಿಲ್ಲದ ಇಟಾಲಿಯನ್ ತಟ್ಟೆಯಲ್ಲಿ ಸೀಸ ಇದೆ ಅಂತಲೇ ಅಂದುಕೊಂಡು ಗೋಡೆಗೆ ಹಾಕಿ.

ತೊಳೆಯಲು ಮೆತ್ತನೆ ಸ್ಪಂಜು, ಸೋಪು ನೀರು ಸಾಕು. ತಂತಿ ನಾರು ಬೇಡ, ಗ್ಲೇಜ್ ಮೆತ್ತಗಿನದು, ಗೀರು ಬೀಳುತ್ತದೆ. ತುಂಬಾ ಹೊತ್ತು ನೀರಿನಲ್ಲಿ ನೆನೆಸಿಡಬೇಡಿ. ಅಡಿಯ ಉಂಗುರಕ್ಕೆ ಗ್ಲೇಜ್ ಇಲ್ಲವಲ್ಲ, ಅಲ್ಲಿಂದ ಮಣ್ಣು ನೀರು ಕುಡಿಯುತ್ತದೆ. ಅದೇ ಕಾರಣಕ್ಕೆ ಮೈಕ್ರೋವೇವ್‌ಗೂ ಇಡಬೇಡಿ.